ಕೈಯಿಟ್ಟು ಬೆನ್ನು ಕೇಳುವವರು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಲಾಯದ ಉದ್ದನೆಯ ನಡುಹಾದಿಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಎರಡೂ ಬದಿಯ ಅರೆಬಾಗಿಲುಗಳ ಮೇಲಿಂದ ಹನ್ನೆರಡು ಉದ್ದ ಮುಖಗಳು ಹೊರಗೆ ಬಂದಿವೆ. ಹುಲ್ಲಿನ ಗಾಡಿಯ ಕಿರುಗುಟ್ಟುವ ಸದ್ದಿಗೆ ಅಷ್ಟೂ ಕಿವಿಗಳು ನೆಟ್ಟಗಾಗಿವೆ. ಗಾಡಿ ತಳ್ಳಿಕೊಂಡು ಬಂದ ಗಿಡ್ಡ ಮೈಕಟ್ಟಿನ ಹೆಂಗಸಿಗೆ ಮಾತ್ರ ಹುಲ್ಲು ಹಾಕುವ ಅವಸರವಿಲ್ಲ. ಅಂಗೈಗೆ ಎರಡು ಸಲ ಬಾಯುಸಿರು ಊದಿ, ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ.

"ತಣ್ಣನೆ ಕೈ ಇಟ್ರೆ ಯಾರಿಗಾದ್ರೂ ಮೈ ಜುಮ್ಮೆನ್ನತ್ತೆ. ಆಮೇಲೆ ನೋವಿಗೆ ಬೆಚ್ಚಿತೋ, ಚಳಿಗೆ ಬೆಚ್ಚಿತೋ ನನಗೆ ಹೇಗೆ ಗೊತ್ತಾಗಬೇಕು?" ಎನ್ನುತ್ತಾರೆ.

ಒಂಬತ್ತನೆಯ ಬಾಗಿಲಿನ ಹಿಂದೆ ಕಂದುಗೆಂಪು ಬಣ್ಣದ ಹೆಣ್ಣು ಕುದುರೆ ನಿಂತಿದೆ. ಯಾರು ಹತ್ತಿರ ಬಂದರೂ ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುತ್ತಿದ್ದುದಕ್ಕೆ ಲಾಯದವರು ಇದಕ್ಕೆ ಸಿಡುಕಿ ಎಂದು ಹೆಸರಿಟ್ಟಿದ್ದಾರೆ. ಹೆಂಗಸು ಅದರ ಪಕ್ಕೆಗೆ ಒರಗಿದಂತೆ ನಿಂತು, ಜೂಲು ಮುಗಿಯುವಲ್ಲಿನ ಉಬ್ಬಿನ ಹಿಂದೆ ಮೂರು ಬೆರಳುಗಳನ್ನು ಚಪ್ಪಟೆಯಾಗಿ ಇಡುತ್ತಾರೆ. ಕಣ್ಣು ಮುಚ್ಚುತ್ತಾರೆ. ಬೆನ್ನುಮೂಳೆಯನ್ನು ಮುಟ್ಟದೆ, ಅದಕ್ಕೆ ನಾಲ್ಕು ಬೆರಳು ದೂರದಲ್ಲಿ, ಮಾಂಸದ ಮೇಲೆ ಇಷ್ಟಿಷ್ಟೇ ಒತ್ತುತ್ತ ಸೊಂಟದವರೆಗೆ ಹೋಗುತ್ತಾರೆ. ಒಂದು ಬದಿಗೆ ಮೂರು ನಿಮಿಷ. ಆಮೇಲೆ ಸುತ್ತಿ ಬಂದು ಇನ್ನೊಂದು ಬದಿ.

ಎರಡು ತಿಂಗಳ ಹಿಂದೆ ಬಲಬದಿಯಲ್ಲಿ ಬೆರಳು ಜೀನು ಕೂರುವ ಜಾಗಕ್ಕೆ ಬರುವ ಮೊದಲೇ ಸಿಡುಕಿಯ ಬೆನ್ನು ಹಳೇ ಮಂಚದ ಹಗ್ಗದಂತೆ ಕುಸಿಯುತ್ತಿತ್ತು. ಹಲ್ಲು ಹೆಂಗಸಿನ ತೋಳಿಗೆ ಬರುತ್ತಿತ್ತು. ಇಂದು ಅದರ ಕೆಳದುಟಿ ಸಡಿಲಾಗಿ ಜೋತುಬಿದ್ದಿದೆ. ಒಂದು ಹಿಂಗಾಲು ಮಡಚಿಕೊಂಡು, ಕಣ್ಣು ಅರೆ ಮುಚ್ಚಿದೆ.

"ಪರವಾಗಿಲ್ಲ ಅಂತಿದಾಳೆ" ಎಂದು ಹೆಂಗಸು ಕೈ ತೆಗೆಯುತ್ತಾರೆ. ಮುಖದಲ್ಲಿ ನಗುವಿಲ್ಲ. ಇಂದು ಅರವತ್ತನೆಯ ದಿನ.

ಎಂಟು ಗಂಟೆಗೆ ಸವಾರಿ ಶಾಲೆಯ ಮೇಷ್ಟ್ರು ಸಿಡುಕಿಗೆ ಜೀನು ಹಾಕಿಸಿ ತಾವೇ ಹತ್ತಲಿದ್ದಾರೆ. ನಡಿಗೆ, ಕುಕ್ಕುಲೋಟ, ಆಮೇಲೆ ಅಲೆಯ ಹಾಗೆ ಎದ್ದು ಬಿದ್ದು ಸಾಗುವ ಕ್ಯಾಂಟರ್. ಮೂರನ್ನೂ ಎಡಸುತ್ತು ಬಲಸುತ್ತು ಎರಡರಲ್ಲೂ ಒದೆಯದೆ, ಹಾರದೆ ಮಾಡಿದರೆ ಸಿಡುಕಿ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಹತ್ತಕ್ಕೆ ದಲ್ಲಾಳಿಯ ಲಾರಿ ಬರುತ್ತದೆ. ಅದರ ಹಲಗೆ ಹತ್ತಿಸಬೇಕಾದವರೂ ಇದೇ ಹೆಂಗಸು. ಬೇರೆ ಯಾರು ಹಗ್ಗ ಹಿಡಿದರೂ ಸಿಡುಕಿ ಗೊರಸು ಎತ್ತುವುದಿಲ್ಲ.

ಲಾಯದಲ್ಲಿ ಎಲ್ಲರೂ ಅವರನ್ನು ಬೆನ್ನಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೊಂದು. ಹಾಜರಿ ಪುಸ್ತಕದಲ್ಲಿ ಅವರ ಕೆಲಸದ ಮುಂದೆ 'ಸ್ವಚ್ಛತೆ' ಎಂದಷ್ಟೇ ಇದೆ.

ಅಜ್ಜಿಯರ ಕಥೆಗಳಲ್ಲಿ ಕುದುರೆಗಳು ಮಾತಾಡುತ್ತವೆ, ಮೋಡದ ಮೇಲೆ ಓಡುತ್ತವೆ, ರಾಜಕುಮಾರನನ್ನು ಏಳು ಸಮುದ್ರ ದಾಟಿಸಿ ರಾಜಕುಮಾರಿಯ ಕಿಟಕಿಯ ಕೆಳಗೆ ಇಳಿಸುತ್ತವೆ. ಏಳು ಸಮುದ್ರ ದಾಟಿದ ಕುದುರೆಯ ಬೆನ್ನು ನೋಯಿತೇ ಎಂದು ಕಥೆಯೊಳಗೆ ಯಾರೂ ಕೇಳುವುದಿಲ್ಲ. ಜೀನು ಇಳಿಸಿದವರು ಯಾರು, ಬೆವರು ಒರೆಸಿದವರು ಯಾರು ಎಂಬುದೂ ಕಥೆಗೆ ಬೇಡ. ಬೆನ್ನಕ್ಕ ಕಳೆದ ಹದಿನಾರು ವರ್ಷಗಳಿಂದ ಮಾಡುತ್ತಿರುವುದು ಕಥೆ ಬಿಟ್ಟುಹೋದ ಆ ಕೆಲಸವನ್ನೇ.

ಅವರ ಬೆರಳುಗಳು ತಯಾರಾದದ್ದು ಕುದುರೆಗಳ ನಡುವೆ ಅಲ್ಲ. ಮದುವೆಯಾಗಿ ಬಂದ ಮನೆಯ ಮುಂಭಾಗದಲ್ಲೇ ಅತ್ತೆಯ ಹಾಸಿಗೆ ಅಂಗಡಿ ಇತ್ತು. ಹಳೇ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯುವ ಕೆಲಸ. ಹೊಸ ಸೊಸೆಗೆ ಅತ್ತೆ ಮೊದಲು ಕಲಿಸಿದ್ದು ಸೂಜಿ ಹಿಡಿಯುವುದನ್ನಲ್ಲ. ತುಂಬಿದ ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ, ಹತ್ತಿಯ ಗಂಟು ಎಲ್ಲಿದೆ ಹೇಳು ಎನ್ನುತ್ತಿದ್ದರು.

"ಒಂದು ಗಂಟು ಬಿಟ್ರೆ ಇಡೀ ಹಾಸಿಗೆ ಬಿಚ್ಚಿಸ್ತಿದ್ರು. 'ರಾತ್ರಿಯೆಲ್ಲ ಅದರ ಮೇಲೆ ಹೊರಳಾಡೋರು ನಿನ್ನನ್ನಲ್ಲ ಬೈಯೋದು, ನನ್ನ' ಅಂತ. ಅಳು ಬರ್ತಿತ್ತು ನಂಗೆ. ಈಗ ನೋಡಿದ್ರೆ ಆ ಬೈಗುಳದಲ್ಲೇ ಹೊಟ್ಟೆ ತುಂಬ್ತಿದೆ" ಎಂದು ಬೆನ್ನಕ್ಕ ನಗುತ್ತಾರೆ.

ಸ್ಪಂಜಿನ ಹಾಸಿಗೆಗಳು ಬಂದ ಮೇಲೆ ಅಂಗಡಿಯ ಬಾಗಿಲು ಮುಚ್ಚಿತು. ಗಂಡ ಲಾರಿ ಓಡಿಸುವವರು, ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಕುದುರೆಗಳ ಹರಿದ ಕಂಬಳಿ ಹೊಲಿಯಲು ಯಾರಾದರೂ ಬೇಕಂತೆ ಎಂದು ಕೇಳಿ ಸವಾರಿ ಶಾಲೆಗೆ ಬಂದವರು, ಕಂಬಳಿಯೆಲ್ಲ ಹೊಲಿದು ಮುಗಿದ ಮೇಲೂ ಹೋಗಲಿಲ್ಲ. ಲಾಯ ಗುಡಿಸಿದರು, ನೀರು ಹೊತ್ತರು, ಮೈ ಉಜ್ಜಿದರು. ಉಜ್ಜುವಾಗ ಕೈ ತನ್ನಷ್ಟಕ್ಕೆ ಗಂಟು ಹುಡುಕತೊಡಗಿತು.

ಎಂಬತ್ತೆರಡರ ಅತ್ತೆ ಈಗಲೂ ಮನೆಯಲ್ಲಿದ್ದಾರೆ. ಸೊಸೆಯ ಕೆಲಸದ ಬಗ್ಗೆ ಅವರ ಅಭಿಪ್ರಾಯ ನೇರವಾಗಿದೆ: "ಹನ್ನೆರಡು ಕುದುರೆ ಬೆನ್ನು ನೋಡೋಕೆ ಪುರುಸೊತ್ತಿದೆ ಇವಳಿಗೆ. ಹದಿಮೂರನೇದು ನಾನು, ಇಲ್ಲಿ ಮೂಲೇಲಿ ಕೂತಿದೀನಿ."

"ನೀವು ಒದೆಯಲ್ಲವಲ್ಲ ಅತ್ತೆ" ಎಂದು ಸೊಸೆ.

"ಒದೀಬೇಕು ಅಂದ್ರೆ ಹೇಳು, ಕಾಲು ಇನ್ನೂ ಗಟ್ಟಿ ಇದೆ."

ಬೆನ್ನಕ್ಕನ ದಿನ ಶುರುವಾಗುವುದು ನಾಲ್ಕೂಕಾಲಿಗೆ. ಹನ್ನೆರಡು ಕುದುರೆ, ಒಂದಕ್ಕೆ ಆರು ನಿಮಿಷ. ಮೊದಲ ಸವಾರ ಬರುವುದರೊಳಗೆ ಇಪ್ಪತ್ತನಾಲ್ಕು ಬದಿ ಮುಟ್ಟಿ ಮುಗಿಯಬೇಕು. ಸವಾರಿ ಮುಗಿದ ಮೇಲೆ ಮತ್ತೊಂದು ಸುತ್ತು, ಈ ಸಲ ಕಣ್ಣು ತೆರೆದು. ಜೀನು ಇಳಿಸಿದ ತಕ್ಷಣ ಬೆವರಿನ ಗುರುತು ನೋಡುತ್ತಾರೆ. ಜೀನಿನಡಿ ಎರಡೂ ಕಡೆ ಒಂದೇ ಸಮ ಒದ್ದೆಯಾಗಿದ್ದರೆ ಸರಿ. ಸುತ್ತ ಬೆವರಿದ್ದು ನಡುವೆ ಮಾತ್ರ ಅಂಗೈಯಷ್ಟು ಒಣಗಿದ್ದರೆ ಅಲ್ಲಿ ಜೀನು ಕಚ್ಚಿಕೊಂಡು ಕೂತಿದೆ ಎಂದು ಅರ್ಥ. ಅಷ್ಟು ಒತ್ತಿದರೆ ಚರ್ಮಕ್ಕೆ ಬೆವರಲೂ ಆಗುವುದಿಲ್ಲ.

ಉಳಿದ ಗುರುತುಗಳನ್ನು ಅವರು ಯಾವ ಪುಸ್ತಕದಲ್ಲೂ ಓದಿದ್ದಲ್ಲ. "ಜೀನು ತರೋದು ಕಂಡ್ರೆ ಮುಖ ಗೋಡೆಗೆ ತಿರುಗಿಸತ್ತೆ. ಹೊಟ್ಟೆಪಟ್ಟಿ ಬಿಗಿಯೋವಾಗ ಗಾಳಿ ಕಚ್ಚತ್ತೆ. ಲಾಳ ಕಟ್ಟೋರು ಹಿಂಗಾಲು ಎತ್ತಿದ್ರೆ ಕಿತ್ತುಕೊಳ್ಳತ್ತೆ. ಇಳಿಜಾರಲ್ಲಿ ಇಳಿಯಲ್ಲ ಅನ್ನತ್ತೆ, ತಿರುಗಬೇಕಾದ್ರೆ ಒಂದೇ ಕಡೆ ತಿರುಗತ್ತೆ. ಜನ ಇದನ್ನೆಲ್ಲ ಕೊಬ್ಬು ಅಂತಾರೆ. ಕೊಬ್ಬಿದ ಕುದುರೆ ದಿನಕ್ಕೊಂದು ಆಟ ಆಡತ್ತೆ. ದಿನಾ ಅದೇ ಜಾಗದಲ್ಲಿ ಅದೇ ಆಟ ಆಡ್ತಿದ್ರೆ, ಏನೋ ಹೇಳ್ತಿದೆ ಅಂತ."

ಇಷ್ಟು ಖಚಿತವಾಗಿ ಮಾತಾಡುವ ಬೆನ್ನಕ್ಕ ಒಂದು ವಿಷಯಕ್ಕೆ ಬಂದರೆ ದನಿ ತಗ್ಗಿಸುತ್ತಾರೆ. ಒಂಬತ್ತು ವರ್ಷದ ಹಿಂದೆ ಲಾಯದಲ್ಲಿ ಬೂದುಬಣ್ಣದ ಗಂಡು ಕುದುರೆಯೊಂದಿತ್ತು. ಸಾಧು ಪ್ರಾಣಿ. ಅದರ ಬೆನ್ನಲ್ಲಿ ನೋವಿದೆ ಎಂದು ಬೆನ್ನಕ್ಕನ ಬೆರಳಿಗೆ ಗೊತ್ತಾಯಿತು, ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಕಸ ಗುಡಿಸುವವರ ಮಾತು ಯಾರು ಕೇಳುತ್ತಾರೆ? ಯಾರಿಗೂ ಹೇಳದೆ ಮನೆಯಿಂದ ಮೆತ್ತನೆಯ ಹತ್ತಿಯ ಗಾದಿಯೊಂದನ್ನು ಹೊಲಿದು ತಂದು ಜೀನಿನಡಿ ಸೇರಿಸಿದರು. ಕುದುರೆ ಇನ್ನಷ್ಟು ಬೆನ್ನು ತಗ್ಗಿಸಿತು. ಇನ್ನೊಂದು ಪದರ ಹಾಕಿದರು. ಮೂರನೆಯ ವಾರ ಅದು ಸವಾರನನ್ನು ಹತ್ತಿಸಿಕೊಳ್ಳುವುದನ್ನೇ ನಿಲ್ಲಿಸಿತು. ಶಾಲೆ ಅದನ್ನು ಮಾರಿತು. ಲಾರಿಗೆ ಹತ್ತಿಸಿದ್ದು ಬೆನ್ನಕ್ಕನೇ.

"ಬಿಗಿ ಚಪ್ಪಲಿ ಕಚ್ತಿದೆ ಅಂತ ಎರಡು ಜೊತೆ ಕಾಲುಚೀಲ ಹಾಕಿದ ಹಾಗೆ ಮಾಡಿಬಿಟ್ಟೆ ನಾನು. ಮೆತ್ತಗಿದೆಯಲ್ಲ, ಹಾಯಾಗಿರತ್ತೆ ಅಂದ್ಕೊಂಡೆ. ಜಾಗವೇ ಇಲ್ಲದ ಕಡೆ ಮೆತ್ತಗಿದ್ದು ತುರುಕಿದ್ರೂ ಅದು ಒತ್ತೋದೇ. ಹಲಗೆ ಹತ್ತೋವಾಗ ಒಂದ್ಸಲ ನಿಂತು ನನ್ನ ಮುಖ ನೋಡ್ತು. ಹಗ್ಗ ಎಳೆದೆ. ನನ್ನ ಮೇಲಿನ ನಂಬಿಕೆಗೆ ಹತ್ತಿತು."

ಆಮೇಲೆ ಬೆನ್ನಕ್ಕ ಬಾಯಿ ಮುಚ್ಚಿಕೊಂಡಿದ್ದಿಲ್ಲ.

ಹಾಗಾಗಿ, ಎರಡು ತಿಂಗಳ ಹಿಂದೆ ಒಂದು ಭಾನುವಾರ ಸಿಡುಕಿ ಹಲ್ಲಿನ ಡಾಕ್ಟರನ್ನು ಎತ್ತಿ ಬಿಸಾಡಿದಾಗ, ಎಲ್ಲರೂ ಡಾಕ್ಟರ ಕಡೆ ಓಡಿದರೆ ಬೆನ್ನಕ್ಕ ಕುದುರೆಯ ಕಡೆ ಓಡಿದರು. ಡಾಕ್ಟರು ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ಸವಾರಿಗೆ ಬರುವವರು. ಸಿಡುಕಿಯನ್ನು ಅವರೊಬ್ಬರೇ ಹತ್ತುತ್ತಿದ್ದರು, ಜೀನೂ ಅವರದೇ. ಅಂದು ಮಣಿಕಟ್ಟು ಉಳುಕಿತ್ತು, ಅದಕ್ಕಿಂತ ಹೆಚ್ಚಾಗಿ ಮರ್ಯಾದೆಗೆ ಪೆಟ್ಟಾಗಿತ್ತು.

"ಜಗಮೊಂಡಿ ಅದು. ಸಾಕಿನ್ನು, ಕಳಿಸಿಬಿಡ್ತೀನಿ" ಎಂದು ಮೇಷ್ಟ್ರು ಅಲ್ಲೇ ಹೇಳಿದರು. ಮೂವತ್ತು ವರ್ಷ ಕುದುರೆಗಳ ನಡುವೆ ಕಳೆದವರು, ಶಾಲೆಯೂ ಅವರದೇ.

"ಬೆನ್ನು ನೋಯ್ತಿದೆ ಮೇಷ್ಟ್ರೇ."

"ಯಾರದ್ದು, ನಿಂದಾ?"

ಸುತ್ತ ಇದ್ದವರು ನಕ್ಕರು. ಬೆನ್ನಕ್ಕ ಹಗ್ಗ ಬಿಡಲಿಲ್ಲ. "ಅರವತ್ತು ದಿನ ಕೊಡಿ. ಡಾಕ್ಟರಮ್ಮನ್ನ ಕರೆಸಿ ಒಂದ್ಸಲ ತೋರಿಸಿ. ಆಮೇಲೂ ಹೀಗೇ ಇದ್ರೆ ನಾನೇ ಲಾರಿ ಹತ್ತಿಸ್ತೀನಿ."

ಆ ಕೊನೆಯ ಮಾತು ಅವರ ಬಾಯಿಂದ ಬರುವುದೆಂದರೆ ಏನೆಂದು ಮೇಷ್ಟ್ರಿಗೆ ಗೊತ್ತಿತ್ತು. ಬೂದು ಕುದುರೆಯ ಲಾರಿ ಹೊರಟ ದಿನ ಅವರೂ ಗೇಟಿನ ಹತ್ತಿರ ನಿಂತಿದ್ದರು. ಆಯಿತು ಎಂದರು.

ಡಾಕ್ಟರಮ್ಮ ಎಂದರೆ ಪಶುವೈದ್ಯೆ. ಬಂದವರು ಅರ್ಧ ದಿನ ನಿಂತು ಕಾಲು, ಗೊರಸು, ಹಲ್ಲು ಎಲ್ಲ ನೋಡಿದರು. ಕೆಲವು ಸಲ ಕಾಲಿನ ನೋವನ್ನು ತಪ್ಪಿಸಲು ಹೋಗಿ ಕುದುರೆ ಬೆನ್ನನ್ನು ನೋಯಿಸಿಕೊಳ್ಳುತ್ತದಂತೆ. ಹಾಗಿರಲಿಲ್ಲ. ಮೂಳೆಯ ಎಕ್ಸ್‌ರೇ ಚೆನ್ನಾಗಿತ್ತು. ಬಲಬದಿಯಲ್ಲಿ ಜೀನು ಕೂರುವಲ್ಲಿ ಮಾಂಸ ಹುರಿಗೊಂಡು ಊದಿತ್ತು. ಬೆನ್ನಕ್ಕ ಬೆರಳಿಟ್ಟು ತೋರಿಸಿದ ಜಾಗವೇ. ನೋವಿಗೆ ಔಷಧಿ ಬರೆದರು. ಬೆನ್ನ ಮೇಲೆ ಭಾರ ಬೇಡ, ಆದರೆ ಕಟ್ಟಿಹಾಕಿಯೂ ಇಡಬೇಡಿ, ನಡೆಸಿ ಎಂದರು. ಹೋಗುವಾಗ ಹೇಳಿದ ಮಾತು ಬೆನ್ನಕ್ಕನ ತಲೆಯಲ್ಲಿ ಕೂತಿತು: "ವಾಸಿ ಮಾಡೋದು ದೊಡ್ಡದಲ್ಲ. ಯಾಕೆ ಬಂತು ಅಂತ ಹುಡುಕದಿದ್ರೆ ಮೂರು ತಿಂಗಳಿಗೆ ಮತ್ತೆ ನನ್ನನ್ನ ಕರೀತೀರ."

ಅಂದಿನಿಂದ ದಿನಚರಿಗೆ ಇನ್ನೊಂದು ಗಂಟೆ ಸೇರಿತು. ಬಿಸಿನೀರಲ್ಲಿ ಹಿಂಡಿದ ಟವೆಲು ಬೆನ್ನಿಗೆ ಹದಿನೈದು ನಿಮಿಷ. ಆಮೇಲೆ ಕ್ಯಾರೆಟ್ ತುಂಡು ಹಿಡಿದು ಕಸರತ್ತು: ಮೂತಿಯನ್ನು ಪಕ್ಕೆಯವರೆಗೆ ತರಿಸುವುದು, ಎಡಕ್ಕೆ ಐದು, ಬಲಕ್ಕೆ ಐದು, ಮುಂಗಾಲುಗಳ ನಡುವೆ ಕೆಳಕ್ಕೆ ಐದು. ಬಲಕ್ಕೆ ಬಾಗಲು ಸಿಡುಕಿ ಮೊದಲ ವಾರ ಒಪ್ಪಲೇ ಇಲ್ಲ. ಕ್ಯಾರೆಟ್ ಕಂಡರೂ ಅರ್ಧಕ್ಕೆ ನಿಂತು ಬಿಡುತ್ತಿತ್ತು. ಬೆನ್ನಕ್ಕ ಅರ್ಧಕ್ಕೇ ತುಂಡು ಕೊಟ್ಟರು. ಮರುದಿನ ಒಂದು ಬೆರಳಿನಷ್ಟು ಆಚೆ. ಮೂರನೆಯ ವಾರದಿಂದ ಅಂಗಳದಲ್ಲಿ ಆರು ಮರದ ಕಂಬಗಳನ್ನು ನೆಲಕ್ಕೆ ಹಾಸಿ, ಖಾಲಿ ಬೆನ್ನಿನಲ್ಲಿ ಅವುಗಳನ್ನು ದಾಟಿಸುತ್ತ ನಲವತ್ತು ನಿಮಿಷ ನಡಿಗೆ. ಕಾಲೆತ್ತಿ ದಾಟುವಾಗ ಕುದುರೆ ತಲೆ ತಗ್ಗಿಸಿ ಬೆನ್ನು ಮೇಲಕ್ಕೆ ತರುತ್ತದೆ. ಹಾಗೆ ಬೆನ್ನಿಗೆ ಬಲ ಬರುತ್ತದೆ.

ಕಾರಣ ಮಾತ್ರ ಸಿಕ್ಕಿರಲಿಲ್ಲ. ಜೀನನ್ನು ತಿರುಗಿಸಿ ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿ ಅಂಗೈ ಆಡಿಸಿದಾಗ, ಬಲಗಡೆಯ ಮೆತ್ತೆಯೊಳಗೆ ಉಣ್ಣೆ ಒತ್ತಿ ಒತ್ತಿ ಕಲ್ಲಾಗಿದ್ದು ತಿಳಿಯಿತು. ಎಡಗಡೆ ಹೂವಿನಂತಿತ್ತು. ಒಂದೇ ಜೀನು, ಒಂದೇ ದಿನ ತುಂಬಿದ ಉಣ್ಣೆ, ಒಂದೇ ಬದಿ ಯಾಕೆ ಕಲ್ಲಾಗಬೇಕು?

ಉತ್ತರ ಸಿಕ್ಕಿದ್ದು ಅತ್ತೆಯ ದವಡೆಯಿಂದ. ಹನ್ನೆರಡನೆಯ ದಿನ ಅತ್ತೆಗೆ ಹಲ್ಲುನೋವು ಬಂತು. ಊರಲ್ಲಿ ಒಳ್ಳೆಯ ಹಲ್ಲಿನ ಡಾಕ್ಟರು ಎಂದರೆ ಅವರೊಬ್ಬರೇ. ಮುಜುಗರವಾದರೂ ಬೆನ್ನಕ್ಕ ಕರೆದುಕೊಂಡು ಹೋದರು. ಡಾಕ್ಟರು ಉಳುಕಿದ ಕೈಗೆ ಪಟ್ಟಿ ಸುತ್ತಿಕೊಂಡೇ ಕೆಲಸ ಮಾಡುತ್ತಿದ್ದರು. ಗೋಡೆ ಬದಿಯ ಕುರ್ಚಿಯಲ್ಲಿ ಕೂತ ಬೆನ್ನಕ್ಕ ಅತ್ತೆಯ ಬಾಯಿ ನೋಡಲಿಲ್ಲ, ಡಾಕ್ಟರ ಸೊಂಟ ನೋಡಿದರು. ಗುಂಡು ಸ್ಟೂಲಿನ ಮೇಲೆ ಕೂತು, ಬಲ ಪೃಷ್ಠದ ಮೇಲೆ ಪೂರ್ತಿ ಭಾರ ಹಾಕಿ, ಬಲಕ್ಕೆ ವಾಲಿ, ಕತ್ತು ಓರೆ ಮಾಡಿ ಬಾಯೊಳಗೆ ಇಣುಕುತ್ತಿದ್ದರು. ಅರ್ಧ ಗಂಟೆಯಾದರೂ ಹಾಗೇ. ದಿನಕ್ಕೆ ಇಪ್ಪತ್ತು ಬಾಯಿ, ಇಪ್ಪತ್ತೈದು ವರ್ಷ. ಎದ್ದು ನಿಂತರೂ ಅವರ ಬಲ ಹೆಗಲು ಕೆಳಗೇ ಇತ್ತು.

ಹಲ್ಲು ಕಿತ್ತು ಹತ್ತಿ ಇಟ್ಟ ಮೇಲೆ ಬೆನ್ನಕ್ಕ ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ನಿಮ್ಮ ಬಲಗಾಲಿನ ಚಪ್ಪಲಿ ಬೇಗ ಸವೆಯತ್ತಾ?"

"ಹೌದು, ಯಾಕೆ?"

"ಕುದುರೆ ಮೇಲೂ ನೀವು ಹೀಗೇ ಕೂರ್ತೀರ. ಬಲಕ್ಕೆ ವಾಲ್ಕೊಂಡು. ನಾಲ್ಕು ವರ್ಷದಿಂದ ಅವಳು ನಿಮ್ಮನ್ನ ಬಲಗಡೆ ಹೊರ್ತಿದಾಳೆ."

ಡಾಕ್ಟರ ಮುಖ ಕೆಂಪಾಯಿತು. "ಸವಾರಿ ಮಾಡೋದು ಹೇಗೆ ಅಂತ ನೀವು ನನಗೆ ಹೇಳಿಕೊಡ್ತೀರಾ?"

ಬಾಯಲ್ಲಿ ಹತ್ತಿ ತುಂಬಿಕೊಂಡಿದ್ದ ಅತ್ತೆ ತಡೆಯಲಾರದೆ ಅದನ್ನು ಕೈಗೆ ಉಗಿದುಕೊಂಡರು. "ಅವಳು ಸುಳ್ಳು ಹೇಳಲ್ಲಪ್ಪ. ಗಂಟು ಹುಡುಕೋಕೆ ನಾನೇ ಕಲಿಸಿದ್ದು."

ಡಾಕ್ಟರು ನಾಲ್ಕು ದಿನ ಬಿಟ್ಟು ಲಾಯಕ್ಕೆ ಬಂದು, ಬೆನ್ನಕ್ಕನ ಹೊರತು ಯಾರೂ ಇಲ್ಲದ್ದು ನೋಡಿ, ಜೀನನ್ನು ಮರದ ಕುದುರೆಯ ಮೇಲೆ ಹಾಕಿ ಕೂತರು. "ಎಲ್ಲಿ, ಹೇಳಿ ನೋಡೋಣ" ಎಂದರು. ಬೆನ್ನಕ್ಕ ಹಿಂದೆ ನಿಂತು ಹೇಳಿದರು. ಕಾಲಿಡುವ ಎಡ ರಿಕಾಪು ಬಲದ್ದಕ್ಕಿಂತ ಎರಡು ಬೆರಳು ಮೇಲೆ ತೂಗುತ್ತಿತ್ತು. ಅಷ್ಟು ಸಾಕಾಯಿತು ಅವರಿಗೆ. ಅಂದಿನಿಂದ ದಿನಾ ಸಂಜೆ ಆ ಮರದ ಕುದುರೆಯ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದನ್ನು ಕಲಿಯುತ್ತಿದ್ದಾರೆ. ಬೆನ್ನಕ್ಕ ಜೀನಿನ ಮೆತ್ತೆ ಬಿಚ್ಚಿ, ಕಲ್ಲಾದ ಉಣ್ಣೆ ತೆಗೆದು, ಹಿಂಜಿ ಮತ್ತೆ ತುಂಬಿದರು. ಜೀನು ಹೊಲಿಯುವ ಕುಶಲಕರ್ಮಿ ಬಂದು ಪರೀಕ್ಷಿಸಿ, ಒಂದು ಹೊಲಿಗೆಯನ್ನೂ ಬದಲಿಸದೆ ಹೋದ.

ಇಂದಿನ ಎಂಟು ಗಂಟೆ ಹೀಗೆ ಬಂದಿದೆ.

ಅಂಗಳದ ಬೇಲಿಗೆ ಒರಗಿ ಏಳೆಂಟು ಜನ ನಿಂತಿದ್ದಾರೆ. ಡಾಕ್ಟರೂ ಬಂದಿದ್ದಾರೆ, ಸ್ವಲ್ಪ ದೂರದಲ್ಲಿ. ಬೆನ್ನಕ್ಕ ತಾವೇ ಜೀನು ಹಾಕುತ್ತಾರೆ. ಒಂದೇ ತೆಳು ಬಟ್ಟೆ, ಹೆಚ್ಚಿನ ಪದರವಿಲ್ಲ. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯದೆ ಮೂರು ಸಲಕ್ಕೆ ಒಂದೊಂದೇ ತೂತು ಏರಿಸುತ್ತಾರೆ. ಮೇಷ್ಟ್ರು ನೆಲದಿಂದ ಹಾರದೆ ಮೆಟ್ಟಿಲು ಇಟ್ಟುಕೊಂಡು ಹತ್ತುತ್ತಾರೆ. ಅದೂ ಬೆನ್ನಕ್ಕನ ಷರತ್ತು.

ನಡಿಗೆ ಸಲೀಸು. ಕುಕ್ಕುಲೋಟದಲ್ಲಿ ಸಿಡುಕಿಯ ತಲೆ ತಗ್ಗುತ್ತದೆ, ಬಾಲ ಲೋಲಕದಂತೆ ಎರಡೂ ಕಡೆ ಸಮನಾಗಿ ತೂಗುತ್ತದೆ. ಬೇಲಿಯ ಹತ್ತಿರ ಯಾರೋ ಮೆಚ್ಚುಗೆಯಿಂದ ಲೊಚಗುಟ್ಟುತ್ತಾರೆ. ಎಡಸುತ್ತಿನ ಕ್ಯಾಂಟರ್ ಕೂಡ ಮುಗಿಯುತ್ತದೆ. ಇನ್ನು ಬಲಸುತ್ತು.

ಅರ್ಧ ಸುತ್ತಿಗೆ ಬಾಲ ಒಮ್ಮೆ ಚಟ್ ಎಂದು ಹೊಡೆಯುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ. ಒಂದು ಕಿವಿ ಹಿಂದಕ್ಕೆ ಬರುತ್ತದೆ. ಬೇಲಿಯವರಿಗೆ ಏನೂ ಕಾಣಿಸಿಲ್ಲ. ಬೆನ್ನಕ್ಕ ಅಂಗಳದ ನಡುವಿಗೆ ನಡೆದು ಬಂದು ಕೈ ಎತ್ತುತ್ತಾರೆ.

"ನಿಲ್ಲಿಸಿ ಮೇಷ್ಟ್ರೇ. ಸಾಕು ಇವತ್ತಿಗೆ."

"ಇನ್ನರ್ಧ ಸುತ್ತು ಕಣಮ್ಮ. ಅಷ್ಟಾದ್ರೆ ಮುಗೀತು."

"ಬೇಡ."

"ಒದ್ದಿಲ್ಲ, ಹಾರಿಲ್ಲ. ಸುತ್ತು ಮುಗಿಸಿದ್ರೆ ಗೆದ್ದ ಹಾಗೆ. ನಿಲ್ಲಿಸಿದ್ರೆ ಷರತ್ತಿನ ಪ್ರಕಾರ ಏನು ಅಂತ ಗೊತ್ತಲ್ಲ?"

"ಗೊತ್ತು. ಹಗ್ಗ ಇಲ್ಲೇ ಇದೆ, ಹತ್ತಿಸ್ತೀನಿ." ಕಾಲು ಜಾಗ ಬಿಟ್ಟಿಲ್ಲ. "ನನ್ನ ಗೆಲ್ಲಿಸೋಕೆ ಇವಳನ್ನ ಓಡಿಸಲ್ಲ. ಸಾಕು ಅಂತಿದಾಳೆ. ಅರವತ್ತು ದಿನ ಇವಳ ಮಾತು ಕೇಳ್ತೀನಿ ಅಂತ ಹೇಳಿಕೊಂಡು ಬಂದು ಇವತ್ತು ಕೇಳದಿದ್ರೆ, ಇವಳು ಇನ್ಯಾವತ್ತೂ ನನಗೆ ಏನೂ ಹೇಳಲ್ಲ."

ಮೇಷ್ಟ್ರು ಲಗಾಮು ಸಡಿಲಿಸಿ ಇಳಿಯುತ್ತಾರೆ. ಯಾರನ್ನೂ ಕರೆಯದೆ ಹೊಟ್ಟೆಪಟ್ಟಿ ತಾವೇ ಬಿಚ್ಚಿ ಜೀನು ಎತ್ತುತ್ತಾರೆ. ಕಂದುಗೆಂಪು ಮೈಮೇಲೆ ಬೆವರಿನ ಗುರುತು, ಎರಡು ದೊಡ್ಡ ಎಲೆಗಳನ್ನು ಬೆನ್ನುಮೂಳೆಯ ಆಚೀಚೆ ಹಾಸಿದಂತೆ. ಎಡವೂ ಬಲವೂ ಅಂಚಿನಿಂದ ಅಂಚಿಗೆ ಒದ್ದೆ. ಒಣಗಿದ ಜಾಗ ಬೆರಳಷ್ಟೂ ಇಲ್ಲ. ಮೇಷ್ಟ್ರು ಬಗ್ಗಿ ಬಲಬದಿಯನ್ನು ಮತ್ತೊಮ್ಮೆ ನೋಡುತ್ತಾರೆ.

"ಮತ್ತೆ ಬಾಲ ಯಾಕೆ ಹೊಡೀತು?"

"ಕೈ ಇಡಿ. ಅಲ್ಲಲ್ಲ, ಬೆರಳ ತುದಿ ಬೇಡ, ಚಪ್ಪಟೆಯಾಗಿ. ಕೈ ಬೆಚ್ಚಗಿದೆಯಾ? ಈಗ ಒತ್ತಿ. ಮೆಲ್ಲಗೆ."

ಮೂವತ್ತು ವರ್ಷದ ಮೇಷ್ಟ್ರು ಕಣ್ಣು ಮುಚ್ಚಿ ಒತ್ತುತ್ತಾರೆ. ಬೆನ್ನು ಕುಸಿಯುವುದಿಲ್ಲ. ಕೈಯಡಿಯಲ್ಲಿ ಮಾಂಸ ನೀರಿನ ಮೇಲೆ ಗಾಳಿ ಆಡಿದಂತೆ ಸಣ್ಣಗೆ ಅದುರಿ ನಿಲ್ಲುತ್ತದೆ.

"ನೋವಾದ್ರೆ ಕೈ ಬರೋ ಮುಂಚೆಯೇ ತಗ್ಗಿಬಿಡತ್ತೆ, ಹೆದರಿಕೆಗೆ. ಇದು ಒತ್ತಿದ ಮೇಲೆ ಅದುರ್ತು. ದಣಿವು ಇದು. ಎರಡು ತಿಂಗಳು ಹಾಸಿಗೆ ಹಿಡಿದು ಎದ್ದೋರಿಗೆ ಮೊದಲನೇ ದಿನವೇ ನೂರು ಜನರ ಅಡುಗೆ ಮಾಡು ಅಂದ್ರೆ ತೋಳು ನಡುಗಲ್ವಾ? ಬಲಗಡೆ ಇನ್ನೂ ಎಳಸು. ಮುಂದಿನ ತಿಂಗಳು ಮುಕ್ಕಾಲು ಸುತ್ತು ಹೋಗ್ತಾಳೆ, ಅದರ ಮುಂದಿನ ತಿಂಗಳು ಪೂರ್ತಿ."

ಮೇಷ್ಟ್ರು ಕೈ ತೆಗೆಯುವುದಿಲ್ಲ. ಇನ್ನೊಂದು ಕೈಯಲ್ಲಿ ಜೇಬಿನಿಂದ ಫೋನು ತೆಗೆಯುತ್ತಾರೆ. "ಹಲೋ. ಹ್ಞಾಂ, ಲಾರಿ ಬೇಡ. ಇಲ್ಲ ಇಲ್ಲ, ಮುಂದಿನ ವಾರನೂ ಬೇಡ. ಮಾರಲ್ಲ ಅಂದ್ನಲ್ಲ." ಫೋನಿಟ್ಟು ಬೆನ್ನಕ್ಕನ ಕಡೆ ತಿರುಗಿ, "ಮೂವತ್ತು ವರ್ಷದಲ್ಲಿ ಎಷ್ಟು ಕುದುರೆಗೆ ಮೊಂಡು ಅಂದಿದೀನೋ" ಎನ್ನುತ್ತಾರೆ. ಬೆನ್ನಕ್ಕ ಬೆವರು ಆರುವ ಮೊದಲು ಒರೆಸಬೇಕು ಎಂದು ಸಿಡುಕಿಯನ್ನು ಕರೆದುಕೊಂಡು ಹೋಗುತ್ತಾರೆ. ಲಾಯದೊಳಗೆ ಹೋದ ಮೇಲೆ, ಬಾಗಿಲ ಹಿಂದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಬೆನ್ನಕ್ಕನ ಬಾಯಲ್ಲಿ ಸಂಬಳದ ಮಾತು ಬರುವುದಿಲ್ಲ. ಹಾಜರಿ ಪುಸ್ತಕದ ಮಾತೂ ಬರುವುದಿಲ್ಲ. "ನಂಗೆ ಐವತ್ತೊಂದು. ಚಳಿಗಾಲದಲ್ಲಿ ಬೆರಳು ಮರಗಟ್ಟತ್ತೆ ಈಗ. ನಾನಿರೋ ತನಕ ನೋಡ್ತೀನಿ, ಆಮೇಲೆ? ಹತ್ತೋ ಪ್ರತಿಯೊಬ್ರೂ ಹತ್ತೋ ಮುಂಚೆ ಒಂದು ನಿಮಿಷ ಕೈ ಇಟ್ಟು ಕೇಳಿದ್ರೆ ಸಾಕು. ಅಷ್ಟೇ ನನ್ನಾಸೆ. ಒಂದು ನಿಮಿಷ."

ಮುಂದಿನ ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಸವಾರಿಗೆ ಬರುತ್ತಾರೆ. ಕೈಯ ಪಟ್ಟಿ ಬಿಚ್ಚಿದೆ. ಎರಡು ತಿಂಗಳ ನಂತರ ಮೊದಲ ಸವಾರಿ, ಹೊಸದಾಗಿ ಪಾಲಿಶ್ ಹಾಕಿದ ಬೂಟು. ಮೇಷ್ಟ್ರು ಅವರಿಗೆ ಲಾಯದ ಹಿರಿಯ ಕಪ್ಪು ಕುದುರೆಯನ್ನು ಕೊಟ್ಟಿದ್ದಾರೆ. ಬೆನ್ನಕ್ಕ ಆಚೆ ನಾಲ್ಕನೆಯ ಕುದುರೆಯ ಹತ್ತಿರ ಇದ್ದಾರೆ, ಕಪ್ಪು ಕುದುರೆಯ ಸರದಿ ಇನ್ನೂ ಬಂದಿಲ್ಲ. ಡಾಕ್ಟರು ಜೀನನ್ನು ಬಾಗಿಲ ಮೇಲಿಟ್ಟು, ಆಚೀಚೆ ನೋಡಿ, ಎರಡೂ ಅಂಗೈ ಉಜ್ಜಿಕೊಂಡು ಕುದುರೆಯ ಬೆನ್ನ ಮೇಲೆ ಇಡುತ್ತಾರೆ. ಬಾಯೊಳಗೆ ಇಣುಕುವಾಗಿನ ಅದೇ ಗಂಭೀರ ಮುಖ. ಸೊಂಟದ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಗೇ ಬರುತ್ತದೆ.

"ಬೆನ್ನಕ್ಕ, ಇಲ್ಲೇನೋ ಬಿಸಿ ಇದ್ದ ಹಾಗಿದೆ. ನನ್ನ ಭ್ರಮೆಯೋ ಏನೋ."

ಬೆನ್ನಕ್ಕ ಬಂದು ಪಕ್ಕದಲ್ಲಿ ನಿಂತು ಮೂರು ಬೆರಳು ಚಾಚುತ್ತಾರೆ. ಕಪ್ಪು ಕುದುರೆ ಒಂದಿಷ್ಟು ತಗ್ಗುತ್ತದೆ, ಕೈ ಬರುವ ಮೊದಲೇ.

"ಭ್ರಮೆ ಅಲ್ಲ" ಎನ್ನುತ್ತಾರೆ.

ಡಾಕ್ಟರು ತಮ್ಮ ಹೊಳೆಯುವ ಬೂಟು ನೋಡಿಕೊಳ್ಳುತ್ತಾರೆ, ಅಂಗಳದ ಕಡೆ ನೋಡುತ್ತಾರೆ. ಆಮೇಲೆ ಜೀನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಅದನ್ನು ತೂಗುಹಾಕುವ ಕೋಣೆಯ ಕಡೆ ಹೊರಡುತ್ತಾರೆ. "ಹಾಗಾದ್ರೆ ಇವತ್ತು ಇವನಿಗೆ ರಜೆ. ಮೇಷ್ಟ್ರಿಗೆ ನಾನೇ ಹೇಳ್ತೀನಿ. ಬಿಸಿನೀರು ಕಾಯಿಸೋದು ಎಲ್ಲಿ?"

ಬೆನ್ನಕ್ಕ ಒಲೆಯ ಕೋಣೆಯ ಕಡೆ ಕೈ ತೋರಿಸುತ್ತಾರೆ. ಐದನೆಯ ಬಾಗಿಲು ತೆರೆಯುತ್ತ, ತಮ್ಮಷ್ಟಕ್ಕೇ ಹೇಳಿಕೊಂಡಂತೆ, ಎಣಿಸುತ್ತಾರೆ: "ಎರಡು ಕೈ ಹೆಚ್ಚಾಯ್ತು."